4 ಕೋಟಿ ಅಂಕಿಯ ಸಂಖ್ಯೆಯನ್ನ ಯಾರು ಭಾಗಿಸಿ ನೋಡಿದರು?

ಡೊಂಬಿವಲಿ ಅಮ್ಮ · ಶನಿವಾರ ರಾತ್ರಿ

ನಮಸ್ಕಾರ. ಇಲ್ಲಿ ಇಷ್ಟು ದಿನ ಬಾಡಿಗೆ ಮನೆ, ಊರಿನ ಬಸ್ಸು, ಒಳ್ಳೆ ಬ್ಯಾಡಗಿ ಮೆಣಸಿನಕಾಯಿ ಇಷ್ಟೇ ಕೇಳಿದ್ದೀನಿ. ಇವತ್ತು ಗಣಿತ. ನಗಬೇಡಿ.

ಮಗ ಎಂಟನೇ ಕ್ಲಾಸು. ಜಗತ್ತಿನಲ್ಲಿ ಈವರೆಗೆ ಗೊತ್ತಿರೋ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಬಗ್ಗೆ ಚಾರ್ಟ್ ಮಾಡ್ತಿದ್ದಾನೆ. 2^136279841 − 1, ಅಂದರೆ ಅಷ್ಟು ಎರಡುಗಳನ್ನ ಸಾಲಾಗಿಟ್ಟು ಗುಣಿಸಿ ಒಂದು ಕಳೆಯೋದು. ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಬರೆದರೆ 4,10,24,320 ಅಂಕಿ ಆಗುತ್ತಂತೆ.

ಅವರ ಟೀಚರ್ ಮರಾಠಿಯವರು, ‘ಮೂಳ ಸಂಖ್ಯಾ’ ಅಂತಾರೆ. ಮನೇಲೂ ಇವನ ಬಾಯಲ್ಲಿ ಅದೇ. ನಮ್ಮ ಮಾವನವರಿಗೆ ಕೇಳಿಸಿದ್ದು ‘ಮೂಳೆ ಸಂಖ್ಯೆ’. ಅದೇನೋ ಅಂತ ಕೇಳಿದರು. ಬೇರೆ ಯಾವುದರಿಂದಲೂ ಭಾಗ ಹೋಗಲ್ಲ ತಾತ ಅಂದ. “ಹಾಗಾದರೆ ಮೂಳೇನೇ ಸರಿ ಬಿಡು, ಕಡಿಯೋಕೆ ಆಗಲ್ಲ” ಅಂದರು. ಅಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. “97 ಅವಿಭಾಜ್ಯ ಅನ್ನೋಕೆ 2, 3, 5, 7ರಿಂದ ಭಾಗಿಸಿ ನೋಡ್ತೀವಿ. ಇದನ್ನ ಯಾರು ಭಾಗಿಸಿ ನೋಡಿದರು?” ಮಗ ಅಂದ, ಕಂಪ್ಯೂಟರ್. “ಎಷ್ಟೆಷ್ಟರಿಂದ ಭಾಗಿಸಿತು?”

ಮಗ ಸುಮ್ಮನಾದ. ನಾನೂ. ಯಾರಾದರೂ ಹೇಳ್ತೀರಾ?

ಹಿಂಜವಡಿ ಧಾರವಾಡಿ

ಅಕ್ಕಾರ, ನಿಮ್ಮ ಮಾವನವರ ಸಂಶಯ ಖರೇನ ಐತಿ. ಭಾಗಿಸಿ ನೋಡೇ ಇಲ್ರಿ! ಭಾಗಿಸಬೇಕಂದ್ರ ಅದರ ವರ್ಗಮೂಲದ ತನಕ ಹೋಗಬೇಕು. ಆ ವರ್ಗಮೂಲಕ್ಕs ಎರಡು ಕೋಟಿ ಅಂಕಿ ಮ್ಯಾಲ ಆಗ್ತಾವ. ಅಲ್ಲಿ ತನಕ ಇರೋ ಅವಿಭಾಜ್ಯಗಳನ್ನ ಎಣಿಸೋದಕ್ಕs ಆಗಂಗಿಲ್ಲ, ಭಾಗಿಸೋದು ದೂರ ಉಳೀತು.

ಇದರ ಒಬ್ಬ ತಮ್ಮನ್ನ ನಾವು ದಿನಾ ನೋಡ್ತೀವಿ. 2^31 − 1, ಅಂದ್ರ 2147483647. ಪ್ರೋಗ್ರಾಮ್ ಬರಿಯೋರಿಗೆ ಇದು ಬಾಯಿಪಾಠ. 32 ಬಿಟ್ಟಿನ ಡಬ್ಬಿಯೊಳಗ ಒಂದು ಬಿಟ್ ಪ್ಲಸ್-ಮೈನಸ್ ಗುರುತಿಗೆ ಹೋದ್ರ, ಹಿಡಿಯೋ ಅತಿ ದೊಡ್ಡ ಸಂಖ್ಯಾ. ಹಳೆ ಕಂಪ್ಯೂಟರ್ ಗಡಿಯಾರ 1970ರಿಂದ ಸೆಕೆಂಡ್ ಎಣಸ್ಕೋತ ಬಂದು 2038ರ ಜನವರಿ 19ಕ್ಕ ಇದನ್ನ ಮುಟ್ತಾವ, ನಮ್ಮ ಟೈಮಿಗೆ ಮುಂಜಾನೆ 8:44ಕ್ಕ. ಅದು ಅವಿಭಾಜ್ಯ ಅಂತ ಆಯ್ಲರ್ 1772ರಾಗs ತೋರಿಸಿದ್ದ. ಆದ್ರ ಅವನೂ ಒಂದಿಷ್ಟು ಭಾಗಿಸೇ ನೋಡಿದ್ದ. ದೊಡ್ಡ ಸಂಖ್ಯಾಕ್ಕ ಬ್ಯಾರೆ ದಾರಿ ಐತಿ. ಮೇಷ್ಟ್ರು ಬರಲಿ, ಅವರು ನನಗಿಂತ ಚೊಲೊ ಹೇಳ್ತಾರ.

ಫಾರ್ವರ್ಡ್ ಮಾಮ

ಈ ಸಂಖ್ಯೆಯಿಂದಲೇ ಎಲ್ಲ ಬ್ಯಾಂಕುಗಳ ಪಾಸ್‌ವರ್ಡ್ ಮಾಡುವುದು. ಅದಕ್ಕೇ ಅಮೆರಿಕದವರು ಗುಟ್ಟಾಗಿ ಇಟ್ಟಿದ್ದಾರೆ. ನನಗೆ ನಿನ್ನೆಯೇ ಬಂದಿತ್ತು ಮೆಸೇಜು.

ಹಿಂಜವಡಿ ಧಾರವಾಡಿ

ಮಾಮಾ, ಗುಟ್ಟಾಗಿ ಇಟ್ಟಿದ್ರ ಎಂಟನೇ ಕ್ಲಾಸ್ ಹುಡುಗನ ಚಾರ್ಟಿನ ಮ್ಯಾಲ ಹೆಂಗ ಬಂತು? ಬ್ಯಾಂಕಿನ ಕೀಲಿಗೆ ಬೇಕಾಗೋದು ಸುಮಾರು 300 ಅಂಕಿಯ ಎರಡು ಅವಿಭಾಜ್ಯ, ಅದೂ ಯಾರಿಗೂ ಗೊತ್ತಿಲ್ಲದವು. ಎರಡನ್ನ ಗುಣಿಸಿದ ಸಂಖ್ಯಾ ಬೀದ್ಯಾಗ ಇಟ್ಟರೂ ನಡೀತದ, ಆ ಎರಡು ಯಾವು ಅಂತ ಹುಡುಕೋದು ಕಷ್ಟ. ಊರಿಗೆಲ್ಲ ಗೊತ್ತಿರೋ 4 ಕೋಟಿ ಅಂಕಿಯ ಸಂಖ್ಯಾ ತಗೊಂಡು ಕೀಲಿ ಮಾಡೋದಂದ್ರ ಬಾಗಿಲಿಗೆ ಬೀಗ ಹಾಕಿ ಕೈಯನ್ನ ತೋರಣಕ್ಕ ಕಟ್ಟಿಧಂಗ.

ಮಾಟುಂಗ ಮೇಷ್ಟ್ರು · ಭಾನುವಾರ ಬೆಳಿಗ್ಗೆ

ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ಹೇಳಿ ತಾಯಿ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದೆ, “ಎಷ್ಟೆಷ್ಟರಿಂದ ಭಾಗಿಸಿತು” ಎಂದು ಒಬ್ಬನೂ ಕೇಳಲಿಲ್ಲ.

ಎರಡರ ಘಾತದಿಂದ ಒಂದು ಕಳೆದ ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಎನ್ನುತ್ತಾರೆ. 17ನೇ ಶತಮಾನದ ಫ್ರಾನ್ಸಿನ ಪಾದ್ರಿ ಆತ. ಮೊದಲ ಶರತ್ತು, ಘಾತವೇ (ಎಷ್ಟು ಎರಡುಗಳನ್ನು ಗುಣಿಸುತ್ತೇವೋ ಆ ಸಂಖ್ಯೆ) ಅವಿಭಾಜ್ಯವಾಗಿರಬೇಕು. 6 ಅವಿಭಾಜ್ಯವಲ್ಲ, ಹಾಗಾಗಿ 2^6 − 1 = 63 ಕೂಡ ಅಲ್ಲ. ಆದರೆ ಘಾತ ಅವಿಭಾಜ್ಯವಾದ ಮಾತ್ರಕ್ಕೆ ಗೆದ್ದೆವು ಎಂದಲ್ಲ: 2^11 − 1 = 2047, ಅದು 23 × 89.

ಇನ್ನು ಪರೀಕ್ಷೆ. ನಾಲ್ಕರಿಂದ ಶುರುಮಾಡಿ. ವರ್ಗ ಮಾಡಿ, ಎರಡು ಕಳೆಯಿರಿ, ನಿಮ್ಮ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಮತ್ತೆ ವರ್ಗ, ಮತ್ತೆ ಎರಡು ಕಳೆ, ಮತ್ತೆ ಶೇಷ. ಹೀಗೆ ಘಾತಕ್ಕಿಂತ ಎರಡು ಕಡಿಮೆ ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಬೇರೆ ಏನೇ ಬಂದರೂ ಅಲ್ಲ. ಬೇರೆ ಯಾವ ಸಂಖ್ಯೆಯಿಂದಲೂ ಭಾಗಿಸುವ ಮಾತೇ ಇಲ್ಲ.

127 ತೆಗೆದುಕೊಳ್ಳಿ, ಅದು 2^7 − 1. ಐದು ಸಲ ಮಾಡಬೇಕು. 4, ಆಮೇಲೆ 14, ಆಮೇಲೆ 194. ಅದರಲ್ಲಿ 127 ಕಳೆದರೆ 67. 67ರ ವರ್ಗ 4489, ಎರಡು ಕಳೆದರೆ 4487, ಶೇಷ 42. ಮುಂದೆ 111. ಅದರ ವರ್ಗದಿಂದ ಎರಡು ಕಳೆದರೆ 12319, ಸರಿಯಾಗಿ 127 × 97. ಶೇಷ ಸೊನ್ನೆ. 127 ಪಾಸು. ಇದನ್ನೇ 2047ಕ್ಕೆ ಒಂಬತ್ತು ಸಲ ಮಾಡಿದರೆ ಕೊನೆಗೆ 1736 ಉಳಿಯುತ್ತದೆ. ಫೇಲು.

ಗಮನಿಸಿ, ಫೇಲು ಎಂದು ಹೇಳಿತೇ ಹೊರತು 23, 89ರ ಸುದ್ದಿಯನ್ನೇ ಎತ್ತಲಿಲ್ಲ. ಕೊಡ ಸೋರುತ್ತದೆ ಎಂದು ಗೊತ್ತು, ತೂತು ಎಲ್ಲಿದೆ ಗೊತ್ತಿಲ್ಲ. ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 2^67 − 1 ಅವಿಭಾಜ್ಯ ಎಂದಿತ್ತು. ಎಡ್ವರ್ಡ್ ಲೂಕಾ ಎಂಬಾತ 1876ರಲ್ಲಿ ಅಲ್ಲ ಎಂದು ತೋರಿಸಿದ, ಅಪವರ್ತನಗಳು ಮಾತ್ರ ಅವನಿಗೂ ಸಿಗಲಿಲ್ಲ. 1903ರಲ್ಲಿ ನ್ಯೂಯಾರ್ಕಿನ ಗಣಿತ ಸಭೆಯಲ್ಲಿ ಕೋಲ್ ಎಂಬ ಪ್ರಾಧ್ಯಾಪಕರು ಹಲಗೆಯ ಒಂದು ಬದಿಗೆ 2^67 − 1 ಲೆಕ್ಕ ಮಾಡಿದರು, ಇನ್ನೊಂದು ಬದಿಗೆ 193707721 × 761838257287 ಗುಣಿಸಿದರು. ಎರಡೂ ಒಂದೇ. ಒಂದು ಮಾತೂ ಆಡದೆ ಹೋಗಿ ಕೂತರಂತೆ. ಎಷ್ಟು ದಿನ ಹಿಡಿಯಿತು ಎಂದು ಕೇಳಿದ್ದಕ್ಕೆ ಮೂರು ವರ್ಷದ ಭಾನುವಾರಗಳು ಎಂದರು ಎನ್ನುತ್ತಾರೆ.

ಈ ಪರೀಕ್ಷೆಯ ಮೂಲ ಲೂಕಾನದು. ಈಗಿನ ರೂಪಕ್ಕೆ ತಂದದ್ದು ಅಮೆರಿಕದ ಲೆಹ್ಮರ್, 1930ರಲ್ಲಿ.

ವಾಸ್ಕೊ ಕಾರವಾರ

ಮೇಷ್ಟ್ರೇ, ನಾಲ್ಕೇ ಯಾಕೆ? ವರ್ಗ ಮಾಡಿ ಎರಡೇ ಯಾಕೆ ಕಳೀಬೇಕು? ಮಂತ್ರ ಹೇಳಿದ ಹಾಗೆ ಆಯ್ತು.

ಮಾಟುಂಗ ಮೇಷ್ಟ್ರು

ಪೂರ್ತಿ ಸಾಧನೆ ಇಲ್ಲಿ ಹಿಡಿಯುವುದಿಲ್ಲ. ಒಳಗಿನ ಯಂತ್ರವನ್ನು ತೋರಿಸಬಹುದು. ಒಂದು ಸಂಖ್ಯೆ ಮತ್ತು ಅದರ ವ್ಯುತ್ಕ್ರಮ (ಒಂದನ್ನು ಆ ಸಂಖ್ಯೆಯಿಂದ ಭಾಗಿಸಿದ್ದು) ಎರಡನ್ನೂ ಕೂಡಿಸಿ. ಆ ಮೊತ್ತದ ವರ್ಗ ಮಾಡಿ ಎರಡು ಕಳೆದರೆ, ಸಿಗುವುದು ಅವೆರಡರ ವರ್ಗಗಳ ಮೊತ್ತ. ಮಧ್ಯದಲ್ಲಿ ಬರುವ ‘ಎರಡು’ ಮಾತ್ರ ಹೆಚ್ಚುವರಿ, ಅದನ್ನೇ ಕಳೆಯುವುದು. ಈಗ 2 + √3 ಮತ್ತು 2 − √3 ಗುಣಿಸಿ ನೋಡಿ, 1 ಬರುತ್ತದೆ. ಒಂದಕ್ಕೊಂದು ವ್ಯುತ್ಕ್ರಮ. ಕೂಡಿಸಿದರೆ 4. ಹಾಗಾಗಿ 4, 14, 194 ಎಂದು ಹೋಗುವಾಗ ನಾವು ನಿಜಕ್ಕೂ ಮಾಡುತ್ತಿರುವುದು 2 + √3ರ ಘಾತವನ್ನು ಪ್ರತಿ ಸಲ ದುಪ್ಪಟ್ಟು ಮಾಡುವುದು. ಸೊನ್ನೆ ಬಂದರೆ ಆ ಘಾತಗಳ ಚಕ್ರ ಎಷ್ಟು ಉದ್ದ ಎಂದು ಗೊತ್ತಾಯಿತು. ನಮ್ಮ ಸಂಖ್ಯೆಗೆ ಅದರ ವರ್ಗಮೂಲಕ್ಕಿಂತ ಚಿಕ್ಕ ಅಪವರ್ತನ ಇದ್ದರೆ ಅಷ್ಟು ಉದ್ದದ ಚಕ್ರ ಅದರಲ್ಲಿ ಹಿಡಿಯುವುದೇ ಇಲ್ಲ.

ಈ ಮುಂಬಯಿಗೂ ಅವಿಭಾಜ್ಯಗಳಿಗೂ ನಮ್ಮವರ ನಂಟಿದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ದಶಕಗಳ ಕಾಲ ಸಂಖ್ಯಾ ಸಿದ್ಧಾಂತದಲ್ಲಿ ಕೆಲಸ ಮಾಡಿದ ಕೆ. ರಾಮಚಂದ್ರ ಮಂಡ್ಯದವರು, 1933ರಲ್ಲಿ ಹುಟ್ಟಿದವರು. 1978ರಲ್ಲಿ ಹಾರ್ಡಿ–ರಾಮಾನುಜನ್ ಜರ್ನಲ್ ಶುರುವಾಗಿದ್ದು ಅವರು ಮತ್ತು ಆರ್. ಬಾಲಸುಬ್ರಮಣಿಯನ್ ಅವರಿಂದ. ನಮ್ಮ ಸಂಘಗಳ ಸನ್ಮಾನ ಪಟ್ಟಿಗಳಲ್ಲಿ ಇಂಥ ಹೆಸರು ಕಾಣುವುದೇ ಇಲ್ಲ. ಇರಲಿ, ಅದು ಬೇರೆ ಜಗಳ.

ರಾತ್ರಿಶಾಲೆ ಕ್ಯಾಶಿಯರ್

ಮೇಷ್ಟ್ರೆ, ನಿಮ್ಮ √3 ನನ್ನ ತಲೆಯ ಮೇಲಿಂದ ಹೋಯಿತು. ಆದರೆ ಆ 4,10,24,320 ಅಂಕಿ ಉಂಟಲ್ಲ, ಅದನ್ನು ನಾನು ನಿನ್ನೆ ರಾತ್ರಿ ಲೆಕ್ಕ ಹಾಕಿದೆ ಮಾರಾಯ್ರೆ.

ನಾನು ಬೊಂಬಾಯಿಗೆ ಬಂದದ್ದು ಹದಿಮೂರರ ಪ್ರಾಯದಲ್ಲಿ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುದು, ರಾತ್ರಿ ಕನ್ನಡ ರಾತ್ರಿಶಾಲೆ. ಅಲ್ಲಿ ಕೊಟ್ಟ ಲಾಗ್ ಟೇಬಲ್ ಈಗಲೂ ನನ್ನತ್ರ ಉಂಟು, ಬೈಂಡಿಂಗ್ ಹೋಗಿದೆ ಅಷ್ಟೆ. ಎರಡರ ಲಾಗ್, ಅಂದರೆ ಎರಡು ಬರಲಿಕ್ಕೆ ಹತ್ತಕ್ಕೆ ಬೇಕಾದ ಘಾತ, 0.3010. ಅದನ್ನು 136279841ರಿಂದ ಗುಣಿಸಿ, ದಶಾಂಶ ಬಿಟ್ಟು, ಒಂದು ಸೇರಿಸಿದರೆ ಎಷ್ಟು ಅಂಕಿ ಅಂತ ಬರಬೇಕು. ಬಂತು 4,10,20,233. ಹುಡುಗ ಬರೆದದ್ದಕ್ಕಿಂತ 4,087 ಕಡಿಮೆ! ಟೇಬಲ್ ನಾಲ್ಕೇ ಸ್ಥಾನದ್ದು, ಸಾಲಲಿಲ್ಲ ಅಂತ ಐದು ಸ್ಥಾನ ಹಿಡಿದೆ, 0.30103. ಆಗ ಬಂತು 4,10,24,321.

ಒಂದು ಹೆಚ್ಚು. ನೋಡಿ, ನಾನು ಮೂವತ್ತೈದು ವರ್ಷ ಗಲ್ಲಾದಲ್ಲಿ ಕೂತವ. ರಾತ್ರಿ ತಾಳೆ ನೋಡುವಾಗ ಒಂದು ರೂಪಾಯಿ ಕಡಿಮೆ ಬಂದರೆ ಕೈಯಿಂದ ಹಾಕಿ ಮಲಗಬಹುದು. ಒಂದು ರೂಪಾಯಿ ಹೆಚ್ಚು ಬಂದರೆ ನಿದ್ದೆ ಬರುದಿಲ್ಲ. ಯಾರದ್ದು ಅದು?

ಹಿಂಜವಡಿ ಧಾರವಾಡಿ

ಅಜ್ಜಾರ, ಅದ್ಭುತ! ತಪ್ಪು ನಿಮ್ಮದಲ್ಲ, ಟೇಬಲ್‌ದು. ಎರಡರ ಲಾಗ್ 0.30102999566… ಐತಿ. ಐದು ಸ್ಥಾನಕ್ಕ ತಿದ್ದಿದಾಗ ಚೂರು ಹೆಚ್ಚಾತು. ಆ ಚೂರು 13 ಕೋಟಿ ಪಟ್ಟು ಬೆಳದು ಅರ್ಧಕ್ಕಿಂತ ಜಾಸ್ತಿ ಆಗಿ ಗಡಿ ದಾಟಿಬಿಡ್ತು. ಸರಿಯಾಗಿ ಮಾಡಿದ್ರ 4,10,24,319.945 ಬರ್ತದ. ಒಂದು ಸೇರಿಸ್ರಿ, ತಾಳೆ ಆತು. ಆ .945 ಬಿಸಾಕಬ್ಯಾಡ್ರಿ ಮತ್ತ. 10ರ ಘಾತ 0.945 ಅಂದ್ರ ಸುಮಾರು 8.8, ಅಂದ್ರ ಸಂಖ್ಯಾ ಶುರು ಆಗೋದು 88ರಿಂದ.

ರಾತ್ರಿಶಾಲೆ ಕ್ಯಾಶಿಯರ್

ಓಹೋ. ಈಗ ಊಟ ಸೇರಿತು. ಕೊನೆಯ ಅಂಕಿ ನಾನೇ ಹೇಳ್ತೇನೆ. ಎರಡರ ಘಾತಗಳ ಕೊನೆ 2, 4, 8, 6, ಪುನಃ 2, 4, 8, 6. ಘಾತವನ್ನು ನಾಲ್ಕರಿಂದ ಭಾಗಿಸಿದರೆ ಒಂದು ಉಳಿತದೆ, ಹಾಗಾಗಿ ಕೊನೆ 2. ಅದರಿಂದ ಒಂದು ಕಳೆದರೆ 1. ಸರಿ ಉಂಟಾ?

ಹಿಂಜವಡಿ ಧಾರವಾಡಿ

ನೂರಕ್ಕ ನೂರು. ಕೊನೇ ಎರಡಂಕಿ 51.

ವಾಸ್ಕೊ ಕಾರವಾರ

ಇಷ್ಟೆಲ್ಲ ಸರಿ. ಉಪಯೋಗ ಏನು? ಒಂದು ಸಂಖ್ಯೆ ಹುಡುಕಲಿಕ್ಕೆ ಅಷ್ಟು ಕರೆಂಟು ಸುಡಬೇಕಾ? ನಮ್ಮಲ್ಲಿ ಮಳೆಗಾಲದಲ್ಲಿ ಫ್ಯಾನ್ ತಿರುಗಿದರೆ ಹಬ್ಬ.

ಮಾಟುಂಗ ಮೇಷ್ಟ್ರು

ಉಪಯೋಗ ಎಂದು ನೇರವಾಗಿ ಕೇಳಿದರೆ, ಆ ಸಂಖ್ಯೆಯಿಂದ ಏನೂ ಇಲ್ಲ. ಸುಳ್ಳು ಹೇಳುವುದಿಲ್ಲ. ಹುಡುಕುವ ದಾರಿಯಲ್ಲಿ ಬೇರೆಯದು ಸಿಗುತ್ತದೆ. 1994ರಲ್ಲಿ ಥಾಮಸ್ ನೈಸ್ಲಿ ಎಂಬ ಪ್ರಾಧ್ಯಾಪಕರು ಅವಳಿ ಅವಿಭಾಜ್ಯಗಳ (11, 13ರ ಹಾಗೆ ಎರಡರ ಅಂತರದ ಜೋಡಿಗಳ) ವ್ಯುತ್ಕ್ರಮಗಳನ್ನು ಕೂಡಿಸುತ್ತಿದ್ದರು. ಉತ್ತರ ತಾಳೆಯಾಗಲಿಲ್ಲ. ಹುಡುಕಿದರೆ ದೋಷ ಇದ್ದದ್ದು ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲೇ. ಕಂಪನಿ ಕೊನೆಗೆ ಚಿಪ್ಪುಗಳನ್ನು ಬದಲಾಯಿಸಿ ಕೊಡಬೇಕಾಯಿತು. ಕ್ಯಾಶಿಯರ್ ಸಾಹೇಬರ ಒಂದು ರೂಪಾಯಿ ಇದ್ದ ಹಾಗೆ.

ಹಿಂಜವಡಿ ಧಾರವಾಡಿ

ಹುಡುಕೋರು ಬಹುತೇಕ ಹವ್ಯಾಸಿಗಳು. ಗಿಂಪ್ಸ್ ಅಂತ 1996ರಾಗ ಜಾರ್ಜ್ ವೋಲ್ಟ್‌ಮನ್ ಶುರುಮಾಡಿದ ಕೂಟ. ಯಾರು ಬೇಕಾದ್ರೂ ತಂತಮ್ಮ ಕಂಪ್ಯೂಟರ್ ಖಾಲಿ ಇದ್ದಾಗ ಲೆಕ್ಕಕ್ಕ ಬಿಡಬಹುದು. ನಾನೂ ಎರಡು ವರ್ಷ ಬಿಟ್ಟಿದ್ದೆ. ಸಿಕ್ಕಿದ್ದು ಬರೇ ಫ್ಯಾನಿನ ಗದ್ದಲ, ಮನೀ ಮಾಲಕನ ಗೊಣಗಾಟ. ಇದಕ್ಕಿಂತ ಹಿಂದಿನ ದಾಖಲೆ 2018ರದ್ದು, 2,48,62,048 ಅಂಕಿ. ಆಮ್ಯಾಲ ಆರು ವರ್ಷ ಏನೂ ಇಲ್ಲ. ಈ ಸಲ ಲ್ಯೂಕ್ ಡ್ಯುರಾಂಟ್ ಅನ್ನೋರು ಮನೀ ಕಂಪ್ಯೂಟರ್ ಬಿಟ್ಟು 17 ದೇಶದ ಡೇಟಾ ಸೆಂಟರ್‌ಗಳೊಳಗಿನ ಗ್ರಾಫಿಕ್ಸ್ ಚಿಪ್ಪುಗಳನ್ನ ಕೂಡಿಸಿ ಹುಡುಕಿದ್ರು. ಐರ್ಲೆಂಡಿನ ಡಬ್ಲಿನ್‌ದಾಗಿನ ಚಿಪ್ಪು ಅಕ್ಟೋಬರ್ 11ಕ್ಕ ‘ಪ್ರಾಯಶಃ ಅವಿಭಾಜ್ಯ’ ಅಂತು. ಮರುದಿನ ಅಮೆರಿಕದ ಸ್ಯಾನ್ ಆಂಟೊನಿಯೊದಾಗಿನ ಇನ್ನೊಂದು ಚಿಪ್ಪು ಮೇಷ್ಟ್ರು ಹೇಳಿದ ಪರೀಕ್ಷಾ ಪೂರಾ ಮಾಡಿ ಖರೆ ಅಂತು. ಅಂದ್ರ ವರ್ಗ ಮಾಡು, ಎರಡು ಕಳೆ, ಒಟ್ಟು 136279839 ಸಲ!

ಇನ್ನೊಂದು ಮಾತು. ಇದು ಗೊತ್ತಿರೋ ಮರ್ಸೆನ್ ಅವಿಭಾಜ್ಯಗಳೊಳಗ 52ನೇದು. ನಡುವ ಒಂದು ತಪ್ಪಿಸಿಕೊಂಡಿರಬಹುದು. 2008ರ ಆಗಸ್ಟಿನೊಳಗ ಒಂದು ದೊಡ್ಡದು ಸಿಕ್ಕಿತ್ತು, ಮುಂದಿನ ತಿಂಗಳ ಅದಕ್ಕಿಂತ ಸಣ್ಣದು ಹಿಂದಿನಿಂದ ಬಂತು. ಹುಡುಗನ ಚಾರ್ಟಿನ ಮ್ಯಾಲ ‘52ನೇ’ ಅಂತ ಬರಿಬ್ಯಾಡ, ‘ತಿಳಿದವುಗಳಲ್ಲಿ 52ನೇ’ ಅಂತ ಬರಿಯಾಕ ಹೇಳ್ರಿ.

ವಾಸ್ಕೊ ಕಾರವಾರ

ಕಾನ್ಪುರದವರು ಏನೋ ಮಾಡಿದ್ದರಲ್ಲ? ಅದನ್ನ ಯಾಕೆ ಉಪಯೋಗಿಸಲ್ಲ?

ಮಾಟುಂಗ ಮೇಷ್ಟ್ರು

2002, ಐಐಟಿ ಕಾನ್ಪುರ: ಮಣೀಂದ್ರ ಅಗರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಯಾವುದೇ ಸಂಖ್ಯೆ ಕೊಟ್ಟರೂ, ಯಾವ ಊಹೆಯನ್ನೂ ನಂಬದೆ, ಅವಿಭಾಜ್ಯ ಹೌದೋ ಅಲ್ಲವೋ ಎಂದು ಬೇಗ ಹೇಳುವ ದಾರಿ ಇದೆ ಎಂದು ಮೊದಲು ತೋರಿಸಿದವರು. ದೊಡ್ಡ ಮಾತು. ಆದರೆ ಅದು ಎಲ್ಲ ಬೀಗಕ್ಕೂ ಆಗುವ ಕೈ, ಆದ್ದರಿಂದ ಭಾರ. ಮರ್ಸೆನ್‌ಗೆ ಅದರದೇ ಹಗುರ ಕೈ ಇದೆ.

ಎಷ್ಟು ಹಗುರ ಎಂದರೆ, 127ರಿಂದ ಶೇಷ ಹಿಡಿಯಲು ಭಾಗಿಸುವುದೇ ಬೇಡ. 4487ರಲ್ಲಿ 128 ಎಷ್ಟು ಸಲ ಇದೆ? 35 ಸಲ, ಮಿಕ್ಕಿದ್ದು 7. ಎರಡನ್ನೂ ಕೂಡಿಸಿ, 42. ಅದೇ ಶೇಷ. 128 ಎಂದರೆ ಎರಡರ ಘಾತ, ಹಾಗಾಗಿ ಕಂಪ್ಯೂಟರಿಗೆ ಅದು ಭಾಗಾಕಾರವೇ ಅಲ್ಲ; ಸಾಲನ್ನು ಒಂದು ಕಡೆ ಕತ್ತರಿಸಿ ಎರಡು ತುಂಡನ್ನು ಕೂಡಿಸಿದಷ್ಟೆ. ನಾವು ಅಂಕಿ ಕೂಡಿಸಿ ಒಂಬತ್ತರ ಶೇಷ ಹಿಡಿಯುತ್ತೇವಲ್ಲ, ಅದೇ ಉಪಾಯ. ಹತ್ತಕ್ಕೆ ಒಂಬತ್ತು ಹೇಗೋ, 128ಕ್ಕೆ 127 ಹಾಗೆ. ದಾಖಲೆಯ ಸಂಖ್ಯೆಗಳು ಬಹುತೇಕ ಮರ್ಸೆನ್ ಆಗಿರುವುದಕ್ಕೆ ಕಾರಣ ಇದೇ. ಅದರ ಸುತ್ತಮುತ್ತ ಎಣಿಸಲಾರದಷ್ಟು ಬೇರೆ ಅವಿಭಾಜ್ಯಗಳಿವೆ. ಅವುಗಳನ್ನು ಪರೀಕ್ಷೆ ಮಾಡುವ ಹಗುರ ದಾರಿ ನಮ್ಮ ಕೈಯಲ್ಲಿಲ್ಲ.

ಡೊಂಬಿವಲಿ ಅಮ್ಮ · ಭಾನುವಾರ ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್. ಮನೇಲಿ ಇವತ್ತು ಅಡುಗೆ ಬಿಟ್ಟು ಎಲ್ಲ ನಡೀತು. 127 ಬಂತು, 2047ಕ್ಕೆ 1736 ಕೂಡ ಬಂತು. ಆಮೇಲೆ ಮಗ ತಾನೇ 2^13 − 1 ಹಿಡಿದ, 8191. ಅವಿಭಾಜ್ಯ ಅಂತ ಪುಸ್ತಕದಲ್ಲಿದೆ. ಹನ್ನೊಂದು ಸಲ ಮಾಡಬೇಕು. ಅವನ ಸಾಲು ಹಾಕ್ತೀನಿ:

4, 14, 194, 4870, 3953, 5790, 6526, 3665, 7174, 2221, 1857, 36

ಕೊನೆಗೆ 36. ಸೊನ್ನೆ ಬರಲಿಲ್ಲ. ಮೇಷ್ಟ್ರ ಸೂತ್ರವೇ ತಪ್ಪು ಅಂತಿದ್ದಾನೆ. ಕಣ್ಣಲ್ಲಿ ನೀರು ಬೇರೆ.

ರಾತ್ರಿಶಾಲೆ ಕ್ಯಾಶಿಯರ್

ತಡಿ ಮಗಾ, ಅಳಬೇಡ. ನಾನು ಒಂದೊಂದಾಗಿ ನೋಡಿದೆ. 3953ರ ವರ್ಗದಿಂದ ಎರಡು ಕಳೆದರೆ 15626207. ಅದರ ಶೇಷ 5970. ನೀನು ಬರೆದದ್ದು 5790. ಲೆಕ್ಕ ಸರಿ ಮಾಡಿದ್ದೀ, ಇಳಿಸುವಾಗ ಅಂಕಿ ಅದಲು ಬದಲು. ನಮ್ಮ ಗಲ್ಲಾದಲ್ಲಿ ಒಂದು ಉಪಾಯ ಉಂಟು: ತಾಳೆ ತಪ್ಪಿದ ಮೊತ್ತ ಒಂಬತ್ತರಿಂದ ಭಾಗ ಹೋದರೆ, ಯಾರೋ ಅಂಕಿ ತಿರುಗಿಸಿ ಬರೆದಿದ್ದಾರೆ ಅಂತ ಮೊದಲು ಅದನ್ನೇ ಹುಡುಕುದು. 5970ರಿಂದ 5790 ಹೋದರೆ 180. ಒಂಬತ್ತು ಇಪ್ಪತ್ತಲೆ.

ಹಿಂಜವಡಿ ಧಾರವಾಡಿ

ಅಕ್ಕಾರ, ನಿಲ್ಲ್ರಿ ನಿಲ್ಲ್ರಿ. ಇಲ್ಲೊಂದು ಮಜಾ ಐತಿ. ನಾ ಮೂರು ಸಲ ತಾಳೆ ನೋಡಿದೆ, ನಂಬಿಕೀನ ಬರಲಿಲ್ಲ. ಸರಿಯಾದ ಸಾಲು ಹಿಂಗ:

4, 14, 194, 4870, 3953, 5970, 1857, 36, 1294, 3470, 128, 0

ಹುಡುಗನ ಕೊನೇ ಎರಡು ನೋಡ್ರಿ, 1857, 36. ಸರಿಯಾದ ಸಾಲಿನಾಗೂ ಅವs ಅದಾವ! ತಪ್ಪು ಹಳಿ ಹಿಡಿದ ಗಾಡಿ ತಿರುಗಿ ಸರಿ ಹಳಿಗೇ ಬಂದೈತಿ, ನಾಲ್ಕು ಸ್ಟೇಷನ್ ಲೇಟ್ ಆಗಿ.

ಹೆಂಗ ಅಂದ್ರ, ಅವನ 2221 ಮತ್ತ ಸರಿಯಾದ 5970, ಎರಡೂ ಕೂಡಿಸಿದ್ರ 8191. ಅಂದ್ರ 8191ರ ಲೆಕ್ಕದಾಗ 2221 ಅಂದ್ರ ‘ಮೈನಸ್ 5970’. ವರ್ಗ ಮಾಡಿದ್ರ ಮೈನಸ್ ಅಳಿಸಿ ಹೋಗ್ತದ. ಅಲ್ಲಿಂದ ಮುಂದ ಎರಡೂ ಒಂದs.

ಇದು ಬರೇ ಅದೃಷ್ಟ, ಮತ್ತ. 13 ಕೋಟಿ ಸಲದ ಲೆಕ್ಕದಾಗ ಒಂದು ಬಿಟ್ ಹಿಂಗ ತಿರುಗಿದ್ರ ವಾಪಸ್ ಬರ್ತದ ಅಂತ ಯಾರೂ ನಂಬಿ ಕೂಡಂಗಿಲ್ಲ. ಅದಕ್ಕs ಬ್ಯಾರೆ ಬ್ಯಾರೆ ಯಂತ್ರ, ಬ್ಯಾರೆ ಬ್ಯಾರೆ ಪ್ರೋಗ್ರಾಮ್ ಹಚ್ಚಿ ಎಲ್ಲದರಾಗೂ ಸೊನ್ನೆ ಬಂದ ಮ್ಯಾಲೇ ಜಾಹೀರು ಮಾಡೋದು.

ಮಾಟುಂಗ ಮೇಷ್ಟ್ರು

ನಾನು ಎಷ್ಟೋ ವರ್ಷ ಇದೇ 8191ನ್ನು ಹಲಗೆಯ ಮೇಲೆ ಮಾಡಿಸಿದ್ದೇನೆ. ಯಾರೂ ಇಷ್ಟು ಚೆನ್ನಾಗಿ ತಪ್ಪಿರಲಿಲ್ಲ. ಆ ಹಾಳೆ ಹರಿಯಬೇಡಿ ತಾಯಿ.

ಡೊಂಬಿವಲಿ ಅಮ್ಮ · ಸೋಮವಾರ, 7:52ರ ಲೋಕಲ್‌ನಿಂದ

ಹರಿದಿಲ್ಲ ಸರ್. ರಾತ್ರಿ ಹನ್ನೊಂದಕ್ಕೆ ಎದ್ದು ಕೂತು ಆ 36ರಿಂದಲೇ ಇನ್ನೂ ನಾಲ್ಕು ಸಲ ಮಾಡಿದ. 1294, 3470, 128. ಕೊನೇದನ್ನ ಮಾವನವರು ತಮ್ಮ ಕೈಯಾರೆ ಮಾಡಿದರು: 128 × 128 = 16384, ಎರಡು ಕಳೆದರೆ 16382, ಅದು 8191ರ ಎರಡರಷ್ಟು. ಸೊನ್ನೆ. ಚಾರ್ಟಿನಲ್ಲಿ ಎರಡೂ ಸಾಲು ಬರೀತಾನಂತೆ, ತಪ್ಪಿದ್ದು ಕೆಂಪು ಸ್ಕೆಚ್ ಪೆನ್ನಲ್ಲಿ.

ಈಗ ಮಾವನವರು 2^17 − 1 ಹಿಡಿದು ಕೂತಿದ್ದಾರೆ, 131071. ಹದಿನೈದು ಸಲ ಮಾಡಬೇಕು. ಕ್ಯಾಲ್ಕುಲೇಟರ್ ಮುಟ್ಟಲ್ಲವಂತೆ. ನಾನು ಹೊರಡುವಾಗ ನಾಲ್ಕನೇದರಲ್ಲಿದ್ದರು, ಕಾಫಿ ಆರಿಹೋಗಿತ್ತು.